ಬೀಗ ಹಾಕಿದ ಕಂಪ್ಯೂಟರ್ ಕೋಣೆ ಮತ್ತು ಒಂದು ಪುಸ್ತಕ

ಊರಿಗೆ ಹೋದಾಗ ನೀವು ಓದಿದ ಶಾಲೆಗೋ, ಅಪ್ಪ ಅಮ್ಮ ಓದಿದ ಶಾಲೆಗೋ ಒಂದು ಸಲ ಹೋಗಿ ಬಂದಿರುತ್ತೀರಿ. ವಾಪಸ್ ಬರುವಾಗ 'ಈ ಶಾಲೆಗೆ ಏನಾದ್ರೂ ಮಾಡಬೇಕು' ಅಂತ ಅನ್ನಿಸಿರುತ್ತೆ. ಆ 'ಏನಾದ್ರೂ' ಹೆಚ್ಚಿನ ಸಲ ಕಂಪ್ಯೂಟರ್ ಆಗಿರುತ್ತೆ, ಇಲ್ಲ ಟ್ಯಾಬ್ಲೆಟ್.

ನಾವೂ ಕೆಲವು ಗೆಳೆಯರು ದುಡ್ಡು ಸೇರಿಸಿ ನಮ್ಮೂರ ಶಾಲೆಗೆ ನಾಲ್ಕು ಕಂಪ್ಯೂಟರ್ ಕೊಡಿಸಿದ್ವಿ. ಎರಡು ವರ್ಷದ ಮೇಲೆ ಹೋಗಿ ನೋಡಿದ್ರೆ ಕೋಣೆಗೆ ಬೀಗ. ಒಳಗೆ ಮಾನಿಟರ್‌ಗಳ ಮೇಲೆ ಬಟ್ಟೆ ಹೊದಿಸಿದ್ದರು. "ಹಾಳಾದ್ರೆ ಯಾರು ಜವಾಬ್ದಾರಿ ಸಾರ್?" ಅಂದ್ರು ಮೇಷ್ಟ್ರು. ಅವರ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನು ನಾನು ಮತ್ತೆ ಯೋಚಿಸುವಂತೆ ಮಾಡಿದ್ದು ಕೆಂಟಾರೋ ತೊಯಾಮಾ ಅವರ 'ಗೀಕ್ ಹೆರೆಸಿ'.

2015ರಲ್ಲಿ ಬಂದ ಈ ಇಂಗ್ಲಿಷ್ ಪುಸ್ತಕದ ಬೇರು ಬೆಂಗಳೂರಿನಲ್ಲಿದೆ. 2005ರಲ್ಲಿ ಅಲ್ಲಿ ಶುರುವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸ್ಥಾಪಕರಲ್ಲಿ ತೊಯಾಮಾ ಒಬ್ಬರು. ಆಗ ಶಾಲೆಗಳಲ್ಲಿ ಒಂದು ಕಂಪ್ಯೂಟರ್ ಸುತ್ತ ಹಲವು ಮಕ್ಕಳು ಮುತ್ತಿಕೊಂಡಿರುತ್ತಿದ್ದರು, ಮೌಸ್ ಮಾತ್ರ ಒಬ್ಬರ ಕೈಯಲ್ಲಿ. ಅವರ ತಂಡ 'ಮಲ್ಟಿಪಾಯಿಂಟ್' ರೂಪಿಸಿತು. ಒಂದೇ ಕಂಪ್ಯೂಟರಿಗೆ ಹಲವು ಮೌಸ್, ಪ್ರತಿ ಮಗುವಿಗೂ ತೆರೆಯ ಮೇಲೆ ತನ್ನದೇ ಬಣ್ಣದ ಬಾಣ. ಪ್ರಯೋಗ ಚೆನ್ನಾಗಿಯೇ ನಡೆಯಿತು. ಆದರೆ ಸಂಶೋಧಕರ ಕಣ್ಣೆದುರಿನಿಂದ ಆಚೆ, ಸಾಮಾನ್ಯ ಶಾಲೆಗಳಿಗೆ ಹೋದಾಗ ಅದು ಮುಗ್ಗರಿಸಿತು.

ಇಂಥ ಅನುಭವಗಳಿಂದ ತೊಯಾಮಾ ಕಟ್ಟುವ ವಾದ ಸರಳ: ತಂತ್ರಜ್ಞಾನ ಇರುವುದನ್ನು ಹಿಗ್ಗಿಸುತ್ತದೆ, ಅಷ್ಟೇ. ಮೈಕ್ ಕೊಟ್ಟ ಮಾತ್ರಕ್ಕೆ ಹಾಡು ಬರುತ್ತಾ? ಹಾಗೆಯೇ ಪಾಠ ನಡೆಯುವ ಶಾಲೆಗೆ ಕಂಪ್ಯೂಟರ್ ನೆರವಾಗುತ್ತೆ, ನಡೆಯದ ಶಾಲೆಯಲ್ಲಿ ಪಾಠ ಶುರು ಮಾಡೋದಿಲ್ಲ.

ಇದಕ್ಕೆ ದೊಡ್ಡ ಸಾಕ್ಷಿ ದಕ್ಷಿಣ ಅಮೆರಿಕದ ಪೆರು. 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್' ಯೋಜನೆಯಲ್ಲಿ ಆ ದೇಶ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 319 ಹಳ್ಳಿ ಶಾಲೆಗಳನ್ನು ಪರೀಕ್ಷಿಸಿದ ಅಧ್ಯಯನ 2012ರಲ್ಲಿ ಹೊರಬಂತು. ಸುಮಾರು 15 ತಿಂಗಳು ಲ್ಯಾಪ್‌ಟಾಪ್ ಬಳಸಿದ ಮೇಲೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿರಲಿಲ್ಲ.

ಇಲ್ಲಿವರೆಗೆ ನಾನು ತೊಯಾಮಾ ಅವರ ಜೊತೆಗಿದ್ದೇನೆ. ತಕರಾರು ಇರೋದು ಪುಸ್ತಕದ ಎರಡನೇ ಅರ್ಧದ ಬಗ್ಗೆ. ಯಂತ್ರ ಬಿಟ್ಟು ಮನುಷ್ಯರನ್ನು ಬೆಳೆಸಿ ಅನ್ನುತ್ತಾರೆ, ಸರಿ. ಆದರೆ ಅಲ್ಲಿ ಒತ್ತು ಬೀಳೋದು ವ್ಯಕ್ತಿಗಳ ಗುಣದ ಮೇಲೆ: ಒಳ್ಳೆಯ ಉದ್ದೇಶ, ವಿವೇಚನೆ, ಸಂಯಮ. ಅಮೆರಿಕದ ಕೆಲಸ ಬಿಟ್ಟು ಘಾನಾದಲ್ಲಿ ಅಶೇಸಿ ವಿಶ್ವವಿದ್ಯಾಲಯ ಕಟ್ಟಿದ ಪ್ಯಾಟ್ರಿಕ್ ಅವುವಾ ಅವರ ಕಥೆ ಓದಿದರೆ ಹುಮ್ಮಸ್ಸು ಬರುತ್ತೆ, ನಿಜ. ಆದರೆ ನಮ್ಮ ಮೇಷ್ಟ್ರಿಗೆ ಗುಣ ಕಡಿಮೆಯಿತ್ತಾ? ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡುವ ಮನುಷ್ಯ ಅವರು. ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆದ ವಸ್ತು ಕೆಟ್ಟರೆ ಉತ್ತರ ಹೇಳಬೇಕಾದವರೂ ಅವರೇ. ರಿಪೇರಿಗೆ ದುಡ್ಡಿಲ್ಲ. ನಾವು ಹಾಕಿಕೊಟ್ಟ ಪಾಠಗಳೆಲ್ಲ ಇಂಗ್ಲಿಷಿನಲ್ಲಿ, ಮಕ್ಕಳು ಓದೋದು ಕನ್ನಡದಲ್ಲಿ. ಅವರ ಜಾಗದಲ್ಲಿ ನೀವಿದ್ದರೂ ಬೀಗ ಹಾಕ್ತಿದ್ರಿ ಅನ್ಸುತ್ತೆ. ಇದು ವ್ಯವಸ್ಥೆಯ ಮಾತು. ಪುಸ್ತಕ ಇದನ್ನು ಮುಟ್ಟುತ್ತದೆ, ಆದರೆ ಇದರ ಜೊತೆ ಸಾಕಷ್ಟು ಹೊತ್ತು ಕೂರುವುದಿಲ್ಲ.

ಇನ್ನೊಂದು ವಿಷಯ. 'ಇರುವುದನ್ನು ಹಿಗ್ಗಿಸುತ್ತೆ' ಅನ್ನೋ ಸೂತ್ರ ಎಲ್ಲ ಕಡೆಗೂ ಹೊಂದೋದಿಲ್ಲ. 2019ರಲ್ಲಿ ಪ್ರಕಟವಾದ ದೆಹಲಿಯ ಒಂದು ಅಧ್ಯಯನ ನೋಡಿ. ಶಾಲೆ ಮುಗಿದ ಮೇಲೆ ನಡೆಯುವ ಕೇಂದ್ರಗಳಲ್ಲಿ 'ಮೈಂಡ್‌ಸ್ಪಾರ್ಕ್' ಎಂಬ ಸಾಫ್ಟ್‌ವೇರ್ ಬಳಸಿದ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಚೆನ್ನಾಗಿ ಮುಂದೆ ಬಂದರು, ತುಂಬ ಹಿಂದಿದ್ದ ಮಕ್ಕಳೂ ಸೇರಿ. ಪ್ರತಿ ಮಗು ಎಲ್ಲಿ ನಿಂತಿದೆ ಅಂತ ನೋಡಿ ಅಲ್ಲಿಂದಲೇ ಪಾಠ ಶುರು ಮಾಡೋದು ಅದರ ಕ್ರಮ. ದೊಡ್ಡ ತರಗತಿಯಲ್ಲಿ ಒಬ್ಬ ಮೇಷ್ಟ್ರಿಗೆ ಇದು ಕಷ್ಟ. ಅಂದರೆ ಇಲ್ಲದ್ದನ್ನೂ ಯಂತ್ರ ತಂದುಕೊಡಬಹುದು. ಆದರೆ ಗಮನಿಸಿ: ಅದು ನಗರ, ಪಾಠ ಮಕ್ಕಳ ಭಾಷೆಯಲ್ಲಿತ್ತು, ಜೊತೆಗೆ ಕೂತು ನೋಡಿಕೊಳ್ಳುವವರಿದ್ದರು.

ಹಾಗಾಗಿ ಪುಸ್ತಕ ಓದಿ, ಆದರೆ ದೇಣಿಗೆ ನಿಲ್ಲಿಸೋಕೆ ನೆಪ ಅಂತ ಓದಬೇಡಿ. ಮುಂದಿನ ಸಲ ದುಡ್ಡು ಸೇರಿಸುವ ಮೊದಲು ಶಾಲೆಯವರಿಗೇ ಫೋನ್ ಮಾಡಿ ಕೇಳಿ: ಕೋಣೆ ಯಾರು ತೆಗೀತಾರೆ? ಪಾಠ ಯಾವ ಭಾಷೆಯಲ್ಲಿ ಬೇಕು? ಕೆಟ್ಟರೆ ರಿಪೇರಿ ಖರ್ಚು ಯಾರದ್ದು?

ನಾವು ತಡವಾಗಿ ಕೇಳಿದ್ವಿ. ಮೇಷ್ಟ್ರು ಹೇಳಿದ್ದು ಹೊಸ ಕಂಪ್ಯೂಟರ್ ಅಲ್ಲ. ಸಂಜೆ ಎರಡು ಗಂಟೆ ಮಕ್ಕಳ ಜೊತೆ ಕೂರೋಕೆ ಊರಿನಲ್ಲೇ ಡಿಗ್ರಿ ಮುಗಿಸಿದ ಒಬ್ಬ ಹುಡುಗಿ, ಅವಳಿಗೆ ತಿಂಗಳ ಗೌರವಧನ. ಒಂದು ಸಲ ಕೊಟ್ಟು ಮುಗಿಸುವ ದುಡ್ಡಲ್ಲ ಇದು, ಪ್ರತಿ ತಿಂಗಳು ಕಳಿಸಬೇಕು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇದರ ಬಗ್ಗೆ ಇನ್ನೂ ಜಗಳ ನಡೀತಾ ಇದೆ.