ಹಳೆಯ ವೇಷ, ಹಸಿ ಗಾಯ

ಹಳೆಯ ಸಿನಿಮಾಗಳ ಹಾಗೆಯೇ ಕಾಣಲೆಂದು ನಮ್ಮ ಕಾಲದವರು ತೆಗೆದ ಚಿತ್ರ ನೋಡಲು ಕೂತಾಗ ತುಟಿಯಂಚಿನಲ್ಲೊಂದು ನಗು ಸಿದ್ಧವಾಗಿಯೇ ಇರುತ್ತದೆ. ನಾವು ಮುಂದುವರಿದವರು, ಅವರ ಕಣ್ಣೀರು ಸ್ವಲ್ಪ ಜಾಸ್ತಿಯಾಯಿತು ಎನ್ನುವ ನಗು. ಟಾಡ್ ಹೇಯ್ನ್ಸ್ 2002ರಲ್ಲಿ ತೆಗೆದ ‘ಫಾರ್ ಫ್ರಮ್ ಹೆವನ್’ನ ಮೊದಲ ಐದು ನಿಮಿಷವಂತೂ ಆ ನಗುವನ್ನು ಬೇಕೆಂದೇ ಕೆಣಕುತ್ತದೆ. ಶರತ್ಕಾಲದ ಕೆಂಪು, ಹಳದಿ ಎಲೆಗಳ ನಡುವಿನಿಂದ ಕ್ಯಾಮೆರಾ ಮೆಲ್ಲಗೆ ಊರೊಳಕ್ಕೆ ಇಳಿಯುತ್ತದೆ. ವಾದ್ಯವೃಂದ ಉಕ್ಕಿ ಬರುತ್ತದೆ. ಬಳುಕುವ ಅಕ್ಷರಗಳಲ್ಲಿ ಚಿತ್ರದ ಹೆಸರು ಮೂಡುತ್ತದೆ. ಮಗ ಬಾಯಿತಪ್ಪಿ ಆಡಿದ ಸಣ್ಣ ಉದ್ಗಾರಕ್ಕೂ ತಾಯಿ ನಯವಾಗಿ ಗದರುತ್ತಾಳೆ.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ನಗು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಈ ಚಿತ್ರವನ್ನು ಮತ್ತೆ ಮತ್ತೆ ನೋಡುವ ನನಗೆ ಕುತೂಹಲ ಇರುವುದು ಅಲ್ಲಿಯೇ.

ಅದು 1957ರ ಹಾರ್ಟ್‌ಫರ್ಡ್, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಊರು. ಕ್ಯಾಥಿ ವಿಟೇಕರ್ ಊರೇ ಮೆಚ್ಚಿದ ಗೃಹಿಣಿ. ಸ್ಥಳೀಯ ಪತ್ರಿಕೆಯವರು ಮನೆಗೇ ಬಂದು ಆಕೆಯ ಬಗ್ಗೆ ಬರೆಯುತ್ತಾರೆ. ಗಂಡ ಫ್ರ್ಯಾಂಕ್ ಟೀವಿ ಕಂಪನಿಯೊಂದರ ದೊಡ್ಡ ಅಧಿಕಾರಿ. ಒಂದು ರಾತ್ರಿ ಆಫೀಸಿಗೇ ಊಟ ಒಯ್ದ ಕ್ಯಾಥಿ ಬಾಗಿಲು ತೆರೆದರೆ, ಗಂಡ ಇನ್ನೊಬ್ಬ ಗಂಡಸಿನ ತೋಳಿನಲ್ಲಿ. ತನ್ನ ನೋವನ್ನು ಯಾರಲ್ಲೂ ಹೇಳಿಕೊಳ್ಳಲಾಗದ ಆಕೆಗೆ ಮಾತಿಗೆ ಸಿಗುವವನು ತೋಟ ನೋಡಿಕೊಳ್ಳುವ ರೇಮಂಡ್. ಹೆಂಡತಿಯನ್ನು ಕಳೆದುಕೊಂಡವನು, ಒಬ್ಬ ಮಗಳ ತಂದೆ, ಕಪ್ಪು ಜನಾಂಗದವನು. ಇಬ್ಬರೂ ಜತೆಗೆ ಕಾಣಿಸಿಕೊಂಡದ್ದೇ ತಡ, ಊರು ಅವರ ಮೇಲೆ ಮುಗಿಬೀಳುತ್ತದೆ.

ಈ ಚಿತ್ರದ ಗುರು ಡಗ್ಲಸ್ ಸರ್ಕ್. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು, ಐವತ್ತರ ದಶಕದ ಹಾಲಿವುಡ್‌ನಲ್ಲಿ ಯೂನಿವರ್ಸಲ್ ಸ್ಟುಡಿಯೋಗೆ ಕಣ್ಣೀರಿನ ಕತೆಗಳನ್ನು ತೆಗೆದುಕೊಟ್ಟವನು. ಆ ಕಾಲದ ವಿಮರ್ಶಕರಲ್ಲಿ ಹೆಚ್ಚಿನವರು ‘ಹೆಂಗಸರ ಸಿನಿಮಾ’ ಎಂದು ಅವನನ್ನು ಬದಿಗಿಟ್ಟರು. ಅವನ ಬೆಲೆ ತಿಳಿಯಲು ಎಪ್ಪತ್ತರ ದಶಕ ಬರಬೇಕಾಯಿತು. ಅವನ 1955ರ ‘ಆಲ್ ದಟ್ ಹೆವನ್ ಅಲೌಸ್’ನಲ್ಲಿ ನಡುವಯಸ್ಸಿನ ಶ್ರೀಮಂತ ವಿಧವೆಯೊಬ್ಬಳು ತನಗಿಂತ ಚಿಕ್ಕವನಾದ ತೋಟಗಾರನನ್ನು ಪ್ರೀತಿಸುತ್ತಾಳೆ. ಜೇನ್ ವೈಮನ್ ಮತ್ತು ರಾಕ್ ಹಡ್ಸನ್ ನಟಿಸಿದ ಆ ಕತೆಯ ಎಲುಬಿನ ಮೇಲೆಯೇ ಹೇಯ್ನ್ಸ್ ತನ್ನ ಚಿತ್ರ ಕಟ್ಟಿದ್ದಾನೆ.

ಆಗಿನ ಹಾಲಿವುಡ್ಡಿಗೆ 1934ರಿಂದ ಬಿಗಿಯಾಗಿ ಜಾರಿಯಲ್ಲಿದ್ದ ಸಂಹಿತೆಯೊಂದು ಮೂಗುದಾರ ಹಾಕಿತ್ತು. ಸಲಿಂಗ ಪ್ರೇಮದ ಸುಳಿವೂ ಕೂಡದು. ಕಪ್ಪು–ಬಿಳಿಯರ ಪ್ರಣಯದ ಮೇಲಿನ ನಿಷೇಧ ತೆರವಾದದ್ದು 1956ರಲ್ಲಿ. ಸರ್ಕ್ ತೆರೆಯ ಮೇಲೆ ತರಲಾಗದಿದ್ದ ಈ ಎರಡನ್ನೂ ಹೇಯ್ನ್ಸ್ ಸರ್ಕನ ಮನೆಯೊಳಗೇ ತಂದು ಕೂರಿಸುತ್ತಾನೆ. ಆದರೆ ಮನೆಯ ರೀತಿ ರಿವಾಜು ಬದಲಿಸುವುದಿಲ್ಲ. ಅದೇ ಒಪ್ಪ ಓರಣದ ಕೋಣೆ, ಅದೇ ಅಳೆದು ಆಡುವ ಮಾತು. ತಮಗೆ ಆಗುತ್ತಿರುವುದನ್ನು ಹೇಳಲು ಈ ಜನರ ಬಾಯಲ್ಲಿ ಪದಗಳೇ ಇಲ್ಲ. ನಮ್ಮ ಕಾಲದ ಚಿತ್ರವಾಗಿದ್ದರೆ ಗಂಡ–ಹೆಂಡಿರು ಅಡುಗೆಮನೆಯಲ್ಲಿ ನಿಂತು ಕೂಗಾಡಿ ಎಲ್ಲವನ್ನೂ ಒದರಿಬಿಡುತ್ತಿದ್ದರು. ಇಲ್ಲಿ ಆ ಕೆಲಸ ಬಣ್ಣಕ್ಕೆ, ಬೆಳಕಿಗೆ, ಸಂಗೀತಕ್ಕೆ ಬಿದ್ದಿದೆ.

ಛಾಯಾಗ್ರಾಹಕ ಎಡ್ ಲಾಕ್‌ಮನ್ ಕತ್ತಲ ಕೋಣೆಗಳಿಗೆ ನೀಲಿ, ಹಸಿರು ಬೆಳಕು ತುಂಬುತ್ತಾರೆ. ಗುಟ್ಟು ಬಯಲಾಗುವ ಕಡೆ ಚೌಕಟ್ಟೇ ವಾಲಿಕೊಳ್ಳುತ್ತದೆ. ಸ್ಯಾಂಡಿ ಪವೆಲ್ ವಸ್ತ್ರವಿನ್ಯಾಸದಲ್ಲಿ ಗೆಳತಿಯರ ಉಡುಪುಗಳು ಎಲೆಗಳ ಬಣ್ಣಕ್ಕೇ ಹೊಂದಿಕೊಂಡಿವೆ. ಅವರ ನಡುವೆ ಕ್ಯಾಥಿಯ ತಿಳಿನೇರಳೆ ಸ್ಕಾರ್ಫ್ ಗಾಳಿಗೆ ಹಾರಿ ಮನೆಯಾಚೆ ಹೋಗುತ್ತದೆ, ಅದು ಸಿಗುವುದು ರೇಮಂಡನ ಕೈಗೆ. ಆಕೆಯ ಮನಸ್ಸು ಯಾವ ಕಡೆ ವಾಲಲಿದೆಯೆಂದು ಆಕೆಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಸಂಗೀತ ಎಲ್ಮರ್ ಬರ್ನ್‌ಸ್ಟೀನ್ ಅವರದು. 1956ರ ‘ಟೆನ್ ಕಮಾಂಡ್‌ಮೆಂಟ್ಸ್’ಗೆ ಸಂಗೀತ ಕೊಟ್ಟ ಅದೇ ಹಿರಿಯರು, ಎಂಬತ್ತರ ಹೊಸ್ತಿಲಲ್ಲಿ, ಒಂದು ಎಳೆಯನ್ನೂ ಹಾಸ್ಯಕ್ಕೆ ಬಿಡದೆ ನುಡಿಸಿದ್ದಾರೆ. ಕಪ್ಪು–ಬಿಳುಪಿನ ಕಾಲದ ಕನ್ನಡ ಸಂಸಾರ ಚಿತ್ರಗಳನ್ನು ನೋಡಿ ಬೆಳೆದವರಿಗೆ ಪಿಟೀಲು ಏಳುವ ಹೊತ್ತಿಗೆ ಕಣ್ಣು ತುಂಬುವುದು ಹೊಸದಲ್ಲ. ಈ ಚಿತ್ರಕ್ಕೆ ನಾವು ಬೇಗ ಒಲಿಯುತ್ತೇವೆ ಎಂದು ನನ್ನ ನಂಬಿಕೆ.

ಇಷ್ಟೆಲ್ಲ ಸಭ್ಯತೆಯ ನಡುವೆ ಫ್ರ್ಯಾಂಕ್ ಒಂದೇ ಒಂದು ಸಲ ಕೆಟ್ಟ ಮಾತು ಆಡುತ್ತಾನೆ. ಇವತ್ತಿನ ಚಿತ್ರಗಳಲ್ಲಿ ನೂರು ಸಲ ಕೇಳಿದರೂ ಕಿವಿಗೆ ತಾಗದ ಆ ಪದ ಇಲ್ಲಿ ಕಪಾಳಕ್ಕೆ ಬಿದ್ದಂತಾಗುತ್ತದೆ. ಆಮೇಲೆ ನಿಜವಾಗಿಯೂ ಕೈ ಎತ್ತುತ್ತಾನೆ. ಮರುದಿನ ಕ್ಯಾಥಿ ಕೂದಲನ್ನು ಹಣೆಯ ಮೇಲೆ ಇಳಿಬಿಟ್ಟು ಗಾಯ ಮುಚ್ಚಿಕೊಳ್ಳುತ್ತಾಳೆ. ಕ್ಯಾಥಿಯಾಗಿ ನಟಿಸಿದ ಜೂಲಿಯನ್ ಮೂರ್ ಆ ನಗುಮುಖವನ್ನು ಹಾಗೇ ಉಳಿಸಿಕೊಂಡು, ದನಿಯನ್ನು ಮಾತ್ರ ಒಂದು ಎಳೆ ಸಡಿಲ ಬಿಡುತ್ತಾಳೆ. ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಅವಳಿಗೆ ಸಿಕ್ಕಿದ್ದು ಸರಿಯಾಗಿಯೇ ಇದೆ.

ನನ್ನನ್ನು ಬಹಳ ಕಾಡಿದ್ದು ಆಪ್ತ ಗೆಳತಿ ಎಲಿನರ್ ಜತೆಗಿನ ಮಾತುಕತೆ. ಗಂಡನ ಗುಟ್ಟು ಕೇಳಿದಾಗ ಎಲಿನರ್ ಮರುಗುತ್ತಾಳೆ. ಆದರೆ ಕ್ಯಾಥಿ ರೇಮಂಡನ ಬಗ್ಗೆ ಮನಸ್ಸು ಬಿಚ್ಚಿದ ಕೂಡಲೇ ಆ ಮುಖ ತಣ್ಣಗಾಗುತ್ತದೆ. ಸಿಟ್ಟಿಲ್ಲ, ಬೈಗುಳವಿಲ್ಲ, ಸ್ನೇಹವೊಂದು ನಮ್ಮ ಕಣ್ಣೆದುರೇ ಮುಗಿದುಹೋಗುತ್ತದೆ. ಗುಟ್ಟಾಗಿ ಉಳಿಯಬಲ್ಲ ತಪ್ಪಿಗೆ ಕ್ಷಮೆ ಇದೆ, ಬೀದಿಯಲ್ಲಿ ಎಲ್ಲರಿಗೂ ಕಾಣುವ ಬಣ್ಣಕ್ಕೆ ಇಲ್ಲ. ಇಂಥ ಲೆಕ್ಕಾಚಾರ 1957ಕ್ಕೇ ಮುಗಿಯಿತೆಂದು ಧೈರ್ಯವಾಗಿ ಹೇಳಲಾರೆ. ತುಟಿಯ ನಗು ಮಾಯವಾಗುವುದು ಅದಕ್ಕೇ ಇರಬೇಕು.

ಒಂದು ಕೊರತೆ ಹೇಳಲೇಬೇಕು. ರೇಮಂಡ್ ತೀರಾ ಒಳ್ಳೆಯವನು. ಓದಿದವನು, ಚಿತ್ರಕಲೆ ಬಲ್ಲವನು, ಸೌಮ್ಯ. ಮಗಳ ಮೇಲೆ ಬಿಳಿಯ ಹುಡುಗರು ಕಲ್ಲು ಎಸೆದ ಮೇಲೂ ಅವನಿಗೆ ಒಂದು ಗಳಿಗೆ ರೋಷ ಉಕ್ಕುವುದಿಲ್ಲ. ಡೆನಿಸ್ ಹೇಸ್ಬರ್ಟ್ ಘನತೆಯಿಂದ ನಟಿಸಿದ್ದರೂ ಪಾತ್ರ ಉದ್ದಕ್ಕೂ ಒಂದೇ ಎತ್ತರದಲ್ಲಿ ನಿಂತುಬಿಡುತ್ತದೆ. ಸರ್ಕ್ 1959ರ ‘ಇಮಿಟೇಶನ್ ಆಫ್ ಲೈಫ್’ನಲ್ಲಿ ಇದಕ್ಕಿಂತ ಮುಂದೆ ಹೋಗಿದ್ದ. ಬಿಳಿಯಳಂತೆ ಕಾಣುವ ಸಾರಾ ಜೇನ್ ತನ್ನ ಕಪ್ಪು ತಾಯಿಯನ್ನೇ ಅಲ್ಲಗಳೆಯುವ ಆ ಉರಿ, ಆ ಕ್ರೌರ್ಯ ಇಲ್ಲಿ ಯಾರಲ್ಲೂ ಇಲ್ಲ. ಇಲ್ಲಿ ಅಂಥ ಚುರುಕು ಮುಟ್ಟಿಸುವುದು ಮಯಾಮಿಯ ಹೋಟೆಲಿನ ಸಣ್ಣ ದೃಶ್ಯ: ಕಪ್ಪು ಮಗುವೊಂದು ಈಜುಕೊಳಕ್ಕೆ ಇಳಿದ ಕೂಡಲೇ ಬಿಳಿಯರೆಲ್ಲ ತಮ್ಮ ಮಕ್ಕಳನ್ನು ಎಳೆದುಕೊಂಡು ಮೇಲೇಳುತ್ತಾರೆ. ಅಷ್ಟೇ.

ಎರಡೂ ಚಿತ್ರ ನೋಡಬೇಕೆನ್ನುವವರು 2002ರದ್ದರಿಂದ ಶುರುಮಾಡಿ, ಆಮೇಲೆ 1955ಕ್ಕೆ ಹೋಗಿ. ಸರ್ಕನ ಚಿತ್ರದಲ್ಲಿ ಬೆಳೆದ ಮಕ್ಕಳು ತೋಟಗಾರನ ಸಂಬಂಧ ಬಿಡಿಸಿದ ಮೇಲೆ, ತಾಯಿಗೆ ಒಂಟಿತನ ಕಾಡದಿರಲೆಂದು ಕ್ರಿಸ್‌ಮಸ್ಸಿಗೆ ಟೀವಿ ಪೆಟ್ಟಿಗೆ ಕೊಡಿಸುತ್ತಾರೆ. ಇನ್ನೂ ಹಚ್ಚದ ಆ ಗಾಜಿನಲ್ಲಿ ಆಕೆಗೆ ತನ್ನ ಮುಖವೇ ಕಾಣುತ್ತದೆ. ಅದನ್ನು ನೋಡಿದ ಮೇಲೆ, ಊರಿನ ಗಂಡಸರು ಹಿಡಿಯಬಹುದಾದ ನೂರು ಉದ್ಯೋಗಗಳಿದ್ದರೂ ಹೇಯ್ನ್ಸ್ ಫ್ರ್ಯಾಂಕನನ್ನು ಟೀವಿ ಮಾರುವ ಕಂಪನಿಗೇ ಯಾಕೆ ಸೇರಿಸಿದ ಎಂಬುದು ತಾನಾಗಿ ಹೊಳೆಯುತ್ತದೆ.