ನಾಟಕದ ಮೊದಲ ಪಾಠ: ಕೃಷ್ಣಾತೀರದ ಎರಡು ನಿದರ್ಶನಗಳ ಬೆಳಕಿನಲ್ಲಿ

ರಂಗಭೂಮಿಯ ಪ್ರವೇಶಿಕೆಯನ್ನು ಬೋಧಿಸುವ ಪಾಠಕ್ರಮಗಳೆಲ್ಲ ಸಾಮಾನ್ಯವಾಗಿ ಕೆಲವು ಮೂಲ ಪರಿಕಲ್ಪನೆಗಳಿಂದಲೇ ಆರಂಭವಾಗುತ್ತವೆ. ವಸ್ತು, ಪಾತ್ರ, ಸಂವಾದ, ಸಂಘರ್ಷ, ರಂಗಸ್ಥಳ, ನಟ, ಪ್ರೇಕ್ಷಕ ಎಂಬ ಈ ಪದಗಳನ್ನು ವಿದ್ಯಾರ್ಥಿಯು ಮೊದಲ ವಾರದಲ್ಲಿಯೇ ಟಿಪ್ಪಣಿ ಮಾಡಿಕೊಳ್ಳುತ್ತಾನೆ. ಪದಗಳ ವಿಷಯದಲ್ಲಿ ಆಕ್ಷೇಪಿಸುವಂಥದು ಏನೂ ಇಲ್ಲ. ಆಕ್ಷೇಪಾರ್ಹವಾದುದು ಅವುಗಳ ಕ್ರಮ. ಮೊದಲು ಕೃತಿ, ಅನಂತರ ರಂಗಮಂದಿರ, ಕೊನೆಗೆ ಪ್ರೇಕ್ಷಕ ಎಂಬ ಈ ಅನುಕ್ರಮವು ನಾಟಕವೆಂದರೆ ಗ್ರಂಥಸ್ಥವಾದ ವಸ್ತು, ಅದನ್ನು ಚೌಕಟ್ಟಿನೊಳಗೆ ತೋರಿಸುವುದೇ ಪ್ರಯೋಗ ಎಂಬ ಭಾವನೆಯನ್ನು ಬೇರೂರಿಸುತ್ತದೆ. ಈ ಭಾವನೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಬಾಗಲಕೋಟೆ ಜಿಲ್ಲೆಯ ಗಲಗಲಿ ಹಾಗೂ ಅದರ ಸುತ್ತಣ ಪ್ರದೇಶದ ಎರಡು ನಿದರ್ಶನಗಳ ಮೂಲಕ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ನಿದರ್ಶನವು ಗಲಗಲಿಯದೇ. ಕೃಷ್ಣಾನದಿಯ ದಂಡೆಯ ಮೇಲಿರುವ, ಬೀಳಗಿ ತಾಲೂಕಿಗೆ ಸೇರಿದ ಈ ಊರು ಸಂಸ್ಕೃತ ಪಾಂಡಿತ್ಯಕ್ಕೆ ಹೆಸರಾದುದು. ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದ ಪಂಢರೀನಾಥಾಚಾರ್ಯ ಗಲಗಲಿ ಅವರು ಈ ಪರಂಪರೆಗೆ ಸೇರಿದವರು. ಆದರೆ ನಮಗಿಲ್ಲಿ ಪ್ರಸ್ತುತವಾದುದು ಪಂಡಿತರ ಸಂಸ್ಕೃತವಲ್ಲ, ಹರಿದಾಸ ಪರಂಪರೆಯ ಗಲಗಲಿ ಅವ್ವನ ಕನ್ನಡ ಹಾಡುಗಳು. ಆಕೆಯ ಮುಯ್ಯದ ಹಾಡುಗಳಲ್ಲಿ ದ್ರೌಪದಿ ಸುಭದ್ರೆಯರ ಪಕ್ಷವೊಂದು, ರುಕ್ಮಿಣಿ ಸತ್ಯಭಾಮೆಯರ ಪಕ್ಷವೊಂದು. ಮುಯ್ಯಿ ತಂದವರಿಗೂ ಸ್ವೀಕರಿಸುವವರಿಗೂ ನಡುವೆ ಮಾತಿಗೆ ಮಾತು ಬೆಳೆಯುತ್ತದೆ. ಒಬ್ಬರ ಬಿಗುಮಾನವನ್ನು ಇನ್ನೊಬ್ಬರು ಮುರಿಯುತ್ತಾರೆ.

ಪಠ್ಯಪುಸ್ತಕದ ಪಟ್ಟಿಯನ್ನು ಹಿಡಿದು ನೋಡಿದರೆ ಇಲ್ಲಿ ಕೊರತೆಯೇ ಕಾಣದು. ಪಾತ್ರಗಳಿವೆ, ಸಂವಾದವಿದೆ, ಸಂಘರ್ಷವಿದೆ. ಅರಿಸ್ಟಾಟಲನು ದುರಂತ ನಾಟಕಕ್ಕೆ ಹೇಳಿದ ಆರು ಅಂಗಗಳಾದ ಕಥಾಸಂವಿಧಾನ, ಶೀಲ, ವಿಚಾರ, ಭಾಷಾಶೈಲಿ, ಗೀತ, ದೃಶ್ಯ ಇವುಗಳಲ್ಲಿ ಕೊನೆಯದೊಂದನ್ನುಳಿದು ಮಿಕ್ಕವೆಲ್ಲ ಏನಾದರೊಂದು ರೂಪದಲ್ಲಿ ಇಲ್ಲಿ ದೊರೆಯುತ್ತವೆ. ಆತನೇ ದೃಶ್ಯವನ್ನು ಕಾವ್ಯಕಲೆಗೆ ತೀರ ದೂರದ ಅಂಗವೆಂದು ಎಣಿಸಿದ್ದಾನೆ. ಅಂದಮೇಲೆ ಮುಯ್ಯದ ಹಾಡು ನಾಟಕವೇ? ಅಲ್ಲವೆಂದೇ ಹೇಳಬೇಕಾಗುತ್ತದೆ. ಹಾಡುವ ಹೆಣ್ಣುಮಗಳು ದ್ರೌಪದಿಯ ಮಾತನ್ನು ಹಾಡುತ್ತಾಳೆಯೇ ಹೊರತು ದ್ರೌಪದಿಯಾಗಿ ನಿಲ್ಲುವುದಿಲ್ಲ. ಮುಂದಿನ ನುಡಿಯಲ್ಲಿ ಅವಳೇ ಸತ್ಯಭಾಮೆಯ ಮಾತನ್ನೂ ಹಾಡುತ್ತಾಳೆ. ಹಾಡುವವರು ಕೇಳುವವರು ಎಂಬ ಭೇದವೂ ಇಲ್ಲಿ ಗಟ್ಟಿಯಾಗಿಲ್ಲ. ಕೂಡಿದವರಲ್ಲಿ ಯಾರಾದರೂ ದನಿಗೂಡಿಸಬಹುದು. ಸಂವಾದವೂ ಸಂಘರ್ಷವೂ ಇದ್ದಮಾತ್ರಕ್ಕೆ ರಂಗಭೂಮಿ ಹುಟ್ಟುವುದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಎರಡನೆಯ ನಿದರ್ಶನವು ಶ್ರೀಕೃಷ್ಣ ಪಾರಿಜಾತ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗಗಳಲ್ಲಿ ಮನೆಮಾತಾದ ಈ ಆಟದ ಮೂಲಕೃತಿಗೆ ಅಪರಾಳ ತಮ್ಮಣ್ಣನ ಹೆಸರೂ, ಅದನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದ್ದಕ್ಕೆ ಕುಲಗೋಡ ತಮ್ಮಣ್ಣನ ಹೆಸರೂ ಅಂಟಿಕೊಂಡಿವೆ. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರಿಂದ ಅದು ದೊಡ್ಡ ಖ್ಯಾತಿಯನ್ನು ಪಡೆಯಿತು. ಕಥೆ ಚಿಕ್ಕದು. ನಾರದನು ತಂದ ಪಾರಿಜಾತವು ರುಕ್ಮಿಣಿಗೆ ಸೇರಿತೆಂಬ ಸುದ್ದಿಯಿಂದ ಸತ್ಯಭಾಮೆ ಮುನಿಯುತ್ತಾಳೆ. ಕೃಷ್ಣನು ಅವಳನ್ನು ಒಲಿಸಬೇಕಾಗುತ್ತದೆ. ಮುಯ್ಯದ ಹಾಡಿನ ದ್ವಾರಕೆಯೇ ಇದು, ಅದೇ ಸವತಿಯರು, ಅದೇ ಮಾತಿನ ಚಕಮಕಿ. ಹೀಗಿದ್ದೂ ಇದು ನಿಸ್ಸಂದೇಹವಾಗಿ ರಂಗಭೂಮಿ. ವಸ್ತು ಹೆಚ್ಚುಕಡಿಮೆ ಒಂದೇ ಆಗಿರುವಾಗ ಭೇದವನ್ನು ಉಂಟುಮಾಡಿದುದು ಯಾವುದು?

ಮೊದಲನೆಯದು, ದೇಹ. ಇಲ್ಲಿ ಒಬ್ಬನು ಕೃಷ್ಣನಾಗಿ, ಒಬ್ಬಳು ಭಾಮೆಯಾಗಿ ನಮ್ಮೆದುರು ನಿಲ್ಲುತ್ತಾರೆ. ಭರತನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದುದರ ತಾತ್ಪರ್ಯವಾದರೂ ಇದೇ: ನಾಟ್ಯದಲ್ಲಿ ಮಾತು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಎರಡನೆಯದು, ಸ್ಥಳ. ಆಡುವವರಿಗೆ ಒಂದು ಜಾಗ, ನೋಡುವವರಿಗೆ ಒಂದು ಜಾಗ ಎಂದು ಬಯಲು ಇಬ್ಭಾಗವಾಗುತ್ತದೆ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಒಪ್ಪಂದ. ಭಾಗವತನು ಮೇಳದೊಡನೆ ರಂಗದ ಮೇಲೆಯೇ ಇರುತ್ತಾನೆ. ಹಾಡುತ್ತಾನೆ, ಬಂದ ಪಾತ್ರವನ್ನು ಮಾತಾಡಿಸುತ್ತಾನೆ, ಅನೇಕ ವೇಳೆ ದೂತಿಯ ಸ್ಥಾನದಲ್ಲಿ ನಿಂತು ಭಾಮೆಯೊಡನೆ ವಾದಿಸುತ್ತಾನೆ. ವೇಷ ಬದಲಾಗದೆಯೇ ಅವನು ಸಖಿಯಾದನೆಂಬುದನ್ನು ಪ್ರೇಕ್ಷಕನು ಪ್ರಶ್ನಿಸುವುದಿಲ್ಲ. ರುಕ್ಮಿಣಿಯ ಮನೆಯಿಂದ ಭಾಮೆಯ ಮನೆಗೆ ಹೋಗಲು ನಾಲ್ಕು ಹೆಜ್ಜೆ ಸಾಕು, ಪರದೆ ಬೇಕಾಗಿಲ್ಲ.

ಪ್ರವೇಶಿಕೆಯ ಪಾಠದಲ್ಲಿ ಈ ಒಪ್ಪಂದವನ್ನು ವಿವರಿಸಲು ಕೋಲರಿಜನು 1817ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಅಪನಂಬಿಕೆಯನ್ನು ಸ್ವಇಚ್ಛೆಯಿಂದ ತಡೆಹಿಡಿಯುವುದೆಂಬ ಮಾತನ್ನು ಉದ್ಧರಿಸುವ ವಾಡಿಕೆಯಿದೆ. ಕಾವ್ಯವನ್ನು ಕುರಿತು ಬಂದ ಆ ಮಾತು ಪಾರಿಜಾತಕ್ಕೆ ಸರಿಯಾಗಿ ಹೊಂದುವುದಿಲ್ಲ. ಬಯಲಿನಲ್ಲಿ ಕುಳಿತವನು ಯಾವ ಅಪನಂಬಿಕೆಯನ್ನೂ ತಡೆಹಿಡಿಯಬೇಕಾಗಿಲ್ಲ. ಎದುರಿಗಿರುವವನು ತನ್ನ ಊರಿನವನೆಂಬುದೂ ಕೃಷ್ಣನೆಂಬುದೂ ಅವನಿಗೆ ಏಕಕಾಲದಲ್ಲಿ ಗೊತ್ತು. ಭ್ರಾಂತಿಯಲ್ಲ, ಸಂಕೇತವೇ ಇಲ್ಲಿ ಮೂಲ. ಭರತನ ನಾಟ್ಯಧರ್ಮಿ ಎಂಬ ಪದವು ಇದಕ್ಕೆ ಹೆಚ್ಚು ಸಮೀಪವಾದುದು. ಲೋಕದಂತೆಯೇ ತೋರಿಸುವುದು ಲೋಕಧರ್ಮಿ. ನಾಟ್ಯದ ಸಂಕೇತದಿಂದ ತೋರಿಸುವುದು ನಾಟ್ಯಧರ್ಮಿ. ನಮ್ಮ ಪಾಠಕ್ರಮವು ಮೊದಲನೆಯದನ್ನು ನಿಯಮವೆಂದೂ ಎರಡನೆಯದನ್ನು ವಿಶೇಷವೆಂದೂ ಕಲಿಸುತ್ತಿದೆ.

ಈ ತಲೆಕೆಳಗಾದ ಕ್ರಮಕ್ಕೆ ಐತಿಹಾಸಿಕ ಕಾರಣವುಂಟು. ಚಿತ್ರದ ಚೌಕಟ್ಟಿನಂತಹ ರಂಗಮಂದಿರವು ಇಟಲಿಯಲ್ಲಿ ರೂಪುಗೊಂಡುದು. ಪಾರ್ಮಾ ನಗರದ ಫಾರ್ನೇಸೆ ರಂಗಮಂದಿರವು 1618ರದು. ನಮ್ಮ ಕಡೆಗೆ ಅದು ಬಂದ ದಾರಿ ಕುತೂಹಲಕರವಾಗಿದೆ. ಕರ್ನಾಟಕದ ಭಾಗವತ ಮೇಳದ ಆಟವನ್ನು ಕಂಡು, ಅದರಂತಹುದೇ ಮರಾಠಿಯಲ್ಲಿಯೂ ಆಗಬೇಕೆಂಬ ಸಾಂಗಲಿಯ ಪಟವರ್ಧನ ದೊರೆಯ ಇಚ್ಛೆಯ ಮೇರೆಗೆ ವಿಷ್ಣುದಾಸ ಭಾವೆ 1843ರಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. ಜಮಖಂಡಿಯ ಸಂಸ್ಥಾನಿಕರೂ ಅದೇ ಪಟವರ್ಧನ ಮನೆತನದವರು. ಮುಂದೆ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಶಾಕುಂತಲವು 1880ರಲ್ಲಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿತು. ಮರಾಠಿ ಮಂಡಳಿಗಳ ಪ್ರಭಾವಕ್ಕೆ ಪ್ರತಿಯಾಗಿ ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಅಂದರೆ ಬಯಲಾಟದ ಪ್ರೇರಣೆಯಿಂದ ಹುಟ್ಟಿದ ಪ್ರಯತ್ನವು ಪರದೆ ಪಡಸಾಲೆಗಳನ್ನು ಧರಿಸಿಕೊಂಡು ನಮಗೇ ಮರಳಿತು. ಆ ಮರಳಿದ ರೂಪವನ್ನೇ ನಾವು ನಾಟಕದ ವ್ಯಾಖ್ಯೆಯನ್ನಾಗಿ ಮಾಡಿಕೊಂಡೆವು.

ಇದರಿಂದ ಕಂಪನಿ ನಾಟಕಗಳ ಸಾಧನೆಗೆ ಕುಂದು ಬರುವುದಿಲ್ಲ. ಕಂದಗಲ್ಲ ಹನುಮಂತರಾಯರ ನಾಟಕಗಳು ಇದೇ ಸೀಮೆಯ ಹೆಮ್ಮೆ. ಬೀಳಗಿಯಿಂದ ಹೊರಟ ಗೋಹರಬಾಯಿ ಬಾಲಗಂಧರ್ವರೊಡನೆ ಮರಾಠಿ ರಂಗಭೂಮಿಯಲ್ಲಿಯೂ, ಅವಳ ತಂಗಿ ಅಮೀರಬಾಯಿ ಕರ್ನಾಟಕಿ ಚಲಚ್ಚಿತ್ರದಲ್ಲಿಯೂ ಗಳಿಸಿದ ಕೀರ್ತಿ ಸರ್ವವಿದಿತ. ಹಾಗೆಯೇ ಇನ್ನೊಂದು ತುದಿಗೆ ಹೋಗುವುದೂ ಸಲ್ಲದು. ಪೀಟರ್ ಬ್ರೂಕ್ 1968ರ ತಮ್ಮ ಗ್ರಂಥದಲ್ಲಿ, ಬರಿದಾದ ಜಾಗವನ್ನು ಒಬ್ಬನು ದಾಟುತ್ತಿರುವಾಗ ಇನ್ನೊಬ್ಬನು ನೋಡುತ್ತಿದ್ದರೆ ರಂಗಕ್ರಿಯೆಗೆ ಅಷ್ಟೇ ಸಾಕೆಂಬ ಅಭಿಪ್ರಾಯವನ್ನು ಮುಂದಿಟ್ಟರು. ವ್ಯಾಖ್ಯೆ ಸುಂದರವಾಗಿದೆ, ಆದರೆ ಪಾರಿಜಾತದ ಬಯಲು ಬರಿದಾದುದಲ್ಲ. ಕಥೆಯನ್ನು ಮೊದಲೇ ಬಲ್ಲ, ಹಾಡುಗಳನ್ನು ಕಂಠಸ್ಥವಾಗಿ ಅರಿತ ಜನರು ಅಲ್ಲಿದ್ದಾರೆ. ಮುಂದೇನೆಂಬ ಕುತೂಹಲ ಅವರದಲ್ಲ; ಈ ರಾತ್ರಿಯ ಭಾಮೆ ಹೇಗೆ ಮುನಿಯುವಳೆಂಬುದೇ ಅವರ ಕುತೂಹಲ. ಕೇವಲ ನೋಟದಿಂದಲ್ಲ, ಹಂಚಿಕೊಂಡ ತಿಳಿವಿನಿಂದ ರಂಗಭೂಮಿ ಆಗುತ್ತದೆ.

ಈ ಚರ್ಚೆಯು ಕೇವಲ ಪರಿಭಾಷೆಯದೆಂದು ಭಾವಿಸಬಾರದು. ಯಾವುದನ್ನು ನಾಟಕವೆಂದು ಕಲಿಸುತ್ತೇವೆಯೋ ಅದರ ಇತಿಹಾಸವನ್ನೇ ನಾವು ಬರೆದಿಡುತ್ತೇವೆ. ಕೃತಿಯೇ ನಾಟಕವೆಂದು ನಂಬಿದ ವಿದ್ಯಾರ್ಥಿಯು ಪಾರಿಜಾತದ ಹಾಡುಗಳನ್ನು ಸಂಗ್ರಹಿಸಿ ಕೆಲಸ ಮುಗಿಯಿತೆಂದು ತಿಳಿಯುತ್ತಾನೆ. ಭಾಗವತನು ಎಲ್ಲಿ ನಿಂತನು, ಹೆಂಗಸರು ಯಾವ ಪಕ್ಕದಲ್ಲಿ ಕುಳಿತರು, ಪಾತ್ರಗಳು ಯಾವ ದಿಕ್ಕಿನಿಂದ ಬಂದುವು ಎಂಬುದನ್ನು ಅವನು ಬರೆದುಕೊಳ್ಳುವುದಿಲ್ಲ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಿಂದ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಬೀಳಗಿ ತಾಲೂಕಿನ ಅನೇಕ ಗ್ರಾಮಗಳೂ ಮುಳುಗಡೆಗೆ ಒಳಗಾಗಿ ಜನರು ಹೊಸ ನೆಲೆಗಳಿಗೆ ಹೋದರು. ಅಲ್ಲಿಗೆ ಹಾಡಿನ ಹಸ್ತಪ್ರತಿಯನ್ನು ಒಯ್ಯಬಹುದು. ಅಗಸಿಯ ಮುಂದಿನ ಬಯಲನ್ನು ಒಯ್ಯಲಾಗದು. ಸ್ಥಳವು ರಂಗಭೂಮಿಯ ಮೂಲಾಂಗವೆಂದು ಮೊದಲೇ ಕಲಿತವನಿಗೆ ಮಾತ್ರ ಈ ನಷ್ಟದ ಅಳತೆ ಸಿಕ್ಕೀತು.

ಆದಕಾರಣ ಮೊದಲ ಪಾಠದ ಕ್ರಮವನ್ನು ತಿರುಗಿಸುವುದು ಉಚಿತ. ಆಡುವವರು ನೋಡುವವರ ಸಂಬಂಧ, ಅವರ ನಡುವಣ ಸಂಕೇತ, ಅವರನ್ನು ಕೂಡಿಸುವ ಸ್ಥಳ, ಪಾತ್ರವನ್ನು ಧರಿಸುವ ದೇಹ, ಇವುಗಳ ಅನಂತರ ಕೃತಿ ಬರಲಿ. ಅರಿಸ್ಟಾಟಲನನ್ನೂ ಭರತನನ್ನೂ ಆಗ ಇನ್ನೂ ಚೆನ್ನಾಗಿ ಓದಬಹುದು. ವಿದ್ಯಾರ್ಥಿಗೆ ಕೊಡುವ ಮೊದಲ ಅಭ್ಯಾಸವೂ ನಾಟಕದ ಸಾರಾಂಶವಾಗದೆ, ತನ್ನ ಊರಿನಲ್ಲಿ ಆಟ ನಡೆಯುವ ಬಯಲಿನ ಒಂದು ನಕ್ಷೆಯಾಗಲಿ. ನಾಟಕಶಾಸ್ತ್ರಕ್ಕೆ ಅದು ಪ್ರವೇಶಿಕೆ, ಇತಿಹಾಸಕ್ಕೆ ಅದು ದಾಖಲೆ.