ಹಂಪಿಯ ನಿಧಾನ

ಕೋನೇರು ಹಂಪಿ ಎಂಬ ಹೆಸರನ್ನು ಮೊದಲು ಕೇಳಿದಾಗ ನಮ್ಮ ಕಡೆಯವರೇ ಇರಬೇಕೆಂದು ಹಿಗ್ಗಿದ್ದೆ. ಹಾಗೇನಿಲ್ಲ. 1987ರಲ್ಲಿ ಆಂಧ್ರದ ಗುಡಿವಾಡದಲ್ಲಿ ಹುಟ್ಟಿದ ಈ ಮಗುವಿಗೆ ತಂದೆ ಅಶೋಕ್ ‘ಚಾಂಪಿಯನ್’ ಎಂಬ ಪದವನ್ನೇ ಕತ್ತರಿಸಿ ಹೆಸರಿಟ್ಟರಂತೆ. ತುಂಗಭದ್ರೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ರಾಜ್ಯ ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರನ್ನು ಕಂಡದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್ ಅವರಲ್ಲಿ. ಹಂಪಿ 2002ರಲ್ಲಿಯೇ, 15 ವರ್ಷ 1 ತಿಂಗಳು 27 ದಿನದ ಹುಡುಗಿಯಾಗಿದ್ದಾಗ, ಆ ಪದವಿ ಪಡೆದು ಹಂಗೇರಿಯ ಜೂಡಿತ್ ಪೋಲ್ಗಾರ್ ಅವರ ದಾಖಲೆಯನ್ನು ಮುರಿದಿದ್ದರು.

ಬೈಂದೂರಿನ ನನ್ನ ತವರಿನಲ್ಲಿ ಜಗಲಿಯ ಚದುರಂಗ ಗಂಡಸರದ್ದು, ಒಳಗಿನ ಚೆನ್ನೆಮಣೆ ಹೆಂಗಸರದ್ದು. ಚಾ ಕೊಡಲು ಹೋದವಳು ಕಂಬಕ್ಕೊರಗಿ ನಿಂತು ಕಲಿತದ್ದಷ್ಟೇ ನನ್ನ ವಿದ್ಯೆ. ಎಲ್ಲಕ್ಕಿಂತ ಬಲವುಳ್ಳ ಕಾಯಿಗೆ ಅಲ್ಲಿ ಮಂತ್ರಿ ಎನ್ನುತ್ತಿದ್ದರು. ಅದು ರಾಣಿಯೂ ಹೌದೆಂದು ತಿಳಿದದ್ದು ಮದುವೆಯಾಗಿ ಕುಂದಾಪುರಕ್ಕೆ ಬಂದ ಮೇಲೆ! ಇಷ್ಟು ಬಂಡವಾಳದಲ್ಲಿ ಹಂಪಿಯವರ ಆಟವನ್ನು ತೂಗುವುದು ಅಧಿಕಪ್ರಸಂಗವಾದೀತು. ಆದರೂ ಬ್ರಹ್ಮಾವರದ ಅಕ್ಕನ ಮಗಳ ಒಂದು ಮಾತು ನನ್ನನ್ನು ಕೆಣಕಿತು.

“ಚಿಕ್ಕಮ್ಮ, ಇವ್ರ್ ಆಟ ನೋಡ್ರೆ ನಿದ್ದಿ ಬತ್ತ್!”

ಹುಡುಗಿಯ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಬಿಳಿ ಕಾಯಿ ಸಿಕ್ಕಿದರೆ ಹಂಪಿ ಹೆಚ್ಚಾಗಿ ಮಂತ್ರಿಯ ಮುಂದಿನ ಕಾಲಾಳನ್ನೇ ಎರಡು ಮನೆ ಮುಂದಿಡುತ್ತಾರೆ. ಮಂತ್ರಿಗೆ ಮಂತ್ರಿ ಹೋದರೂ ಅವರಿಗೆ ಚಿಂತೆಯಿಲ್ಲ. ಎದುರಾಳಿಯ ಒಂದು ದುರ್ಬಲ ಕಾಲಾಳನ್ನು ಗುರುತಿಟ್ಟುಕೊಂಡು, ಅದರ ಮೇಲೆ ಭಾರ ಹೇರುತ್ತ, ಆನೆ ಕಾಲಾಳುಗಳಷ್ಟೇ ಉಳಿದ ಕೊನೆಯ ಘಟ್ಟದವರೆಗೆ ಹೋಗುತ್ತಾರೆ. ಇದನ್ನು ಅಂಜಿಕೆಯೆಂದು ತಿಳಿಯಬಾರದು. ಮೊದಲ ಸುತ್ತಿನಲ್ಲೇ ಸೋತವರು ಆಮೇಲೆ ಗೆಲ್ಲುತ್ತ ಹೋಗಿ, ಕೊನೆಯ ಸುತ್ತಿನಲ್ಲಿ ಕಪ್ಪು ಕಾಯಿ ಹಿಡಿದು ಇಂಡೋನೇಷ್ಯದ ಐರೀನ್ ಸುಕಂದರ್ ಅವರನ್ನು ಸೋಲಿಸಿ, 11 ಸುತ್ತುಗಳಿಗೆ 8.5 ಅಂಕ ಗಳಿಸಿ 2024ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ರ‍್ಯಾಪಿಡ್ ಕಿರೀಟ ತೊಟ್ಟದ್ದು ಅಂಜುಬುರುಕರ ಕೆಲಸವಲ್ಲ. ಅದೇ ಕಿರೀಟ 2019ರಲ್ಲಿ ಮಾಸ್ಕೋದಲ್ಲೂ ಬಂದಿತ್ತು. ನಿಧಾನದವರೆನಿಸಿಕೊಂಡವರು ವೇಗದ ಆಟದಲ್ಲಿ ಎರಡು ಸಲ ಗೆದ್ದದ್ದು ನೋಡಿ! ಯೋಚಿಸಲು ಸಮಯವಿಲ್ಲದ ಎದುರಾಳಿಗೆ ಆ ಬಿಡದ ಒತ್ತಡವನ್ನು ತಡೆಯುವುದೇ ಕಷ್ಟವಾಗುತ್ತದೇನೋ.

2014ರಲ್ಲಿ ಮದುವೆ, 2017ರಲ್ಲಿ ಮಗಳು. ನಡುವೆ ಸುಮಾರು ಎರಡು ವರ್ಷ ಮಣೆಯ ಹತ್ತಿರ ಬರಲಿಲ್ಲ. 2018ರ ಬಟುಮಿ ಒಲಿಂಪಿಯಾಡ್‌ನಲ್ಲಿ ಮರಳಿದರು. ಅವರನ್ನು ಹೊಗಳುವವರೆಲ್ಲ ತಾಯಿಯಾಗಿ ಮರಳಿದ್ದನ್ನೇ ಹೇಳುತ್ತಾರೆ. ಯಾವ ನಡೆಯಿಂದ ಗೆದ್ದರೆಂದು ಹೇಳುವವರು ಕಡಿಮೆ. ನಮಗೂ ಗಂಡಸರ ವಿಷಯದಲ್ಲಿ ಆಟ, ಹೆಂಗಸರ ವಿಷಯದಲ್ಲಿ ಸಂಸಾರ ಕೇಳಿಯೇ ಅಭ್ಯಾಸ.

ಹಾಗೆಂದು ಎಲ್ಲವನ್ನೂ ಮೆಚ್ಚಲಾರೆ. 2011ರಲ್ಲಿ ಅಲ್ಬೇನಿಯದ ತಿರಾನಾದಲ್ಲಿ ವಿಶ್ವ ಪಟ್ಟಕ್ಕಾಗಿ ಚೀನಾದ ಹೌ ಯಿಫಾನ್ ಎದುರು ಆಡಿದಾಗ ಐದು ಡ್ರಾ, ಮೂರು ಸೋಲು; ಗೆಲುವು ಒಂದೂ ಇಲ್ಲ. ತಾನಾಗಿ ಬೆಂಕಿ ಹಚ್ಚಬೇಕಾದ ದಿನವೂ ಕೆಂಡಕ್ಕಾಗಿ ಕಾಯುವುದು ಅವರ ದೋಷ. ಕಾಯುತ್ತ ಕಾಯುತ್ತ ಗಡಿಯಾರ ಓಡಿಬಿಡುತ್ತದೆ.

2025ರ ಜುಲೈಯಲ್ಲಿ ಮತ್ತೆ ಅದೇ ಬಟುಮಿ. ಮಹಿಳಾ ವಿಶ್ವಕಪ್ಪಿನ ಅಂತಿಮ ಸುತ್ತಿನಲ್ಲಿ 38ರ ಹಂಪಿಗೆ ಎದುರಾದವರು ನಾಗಪುರದ 19ರ ದಿವ್ಯಾ ದೇಶಮುಖ್. ಹಂಪಿ ಗ್ರ್ಯಾಂಡ್‌ಮಾಸ್ಟರ್ ಆದಾಗ ದಿವ್ಯಾ ಹುಟ್ಟಿಯೇ ಇರಲಿಲ್ಲ. ಎರಡು ದೀರ್ಘ ಆಟಗಳು ಡ್ರಾ, ಮೊದಲ ರ‍್ಯಾಪಿಡ್ಡೂ ಡ್ರಾ. ಕೊನೆಯದರಲ್ಲಿ ಬಿಳಿ ಕಾಯಿಯಿದ್ದೂ, ಸಮಯದ ಇಕ್ಕಟ್ಟಿನಲ್ಲಿ ಹಂಪಿಯವರ ಕೈ ತಪ್ಪಿತು. ಆ ಗೆಲುವಿನಿಂದಲೇ ದಿವ್ಯಾ ಗ್ರ್ಯಾಂಡ್‌ಮಾಸ್ಟರೂ ಆದರು.

ಮೊಬೈಲು ಹಿಡಿದು ಕೂತಿದ್ದ ಅಕ್ಕನ ಮಗಳು ಕುಣಿದಳು. ನಾನು ಸುಮ್ಮನಿದ್ದುದನ್ನು ಕಂಡು ಮಣೆ ತಂದು ಹಾಸಿದಳು; ಬಿಳಿ ಕಾಯಿಗಳನ್ನು ನನ್ನ ಕಡೆಗೇ ಜೋಡಿಸಿದಳು. ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ, ಒಲೆಯ ಮೇಲಿನ ಅನ್ನ ನೋಡಿ ಬರಲು ನಾನು ಎದ್ದೆ.